ಇಂಟರ್ವಲ್ ಟ್ರೈನಿಂಗ್: ಜಿಮ್ ಸೈಕಲ್ ಮೇಲೆ ಬಿಡುವಿಗೂ ಕೆಲಸ ಇದೆ

ಇಂಟರ್ವಲ್ ಅಂದ ತಕ್ಷಣ ನಮಗೆ ನೆನಪಾಗೋದು ಥಿಯೇಟರು. ಲೈಟ್ ಹತ್ತುತ್ತದೆ, ಜನ ಪಾಪ್‌ಕಾರ್ನ್ ಕ್ಯೂಗೆ ಓಡುತ್ತಾರೆ. ಆದರೆ ಜಿಮ್‌ನಲ್ಲಿ ಟ್ರೈನರ್ ‘ಇವತ್ತು ಸೈಕಲ್ ಮೇಲೆ ಇಂಟರ್ವಲ್ ಮಾಡಿ’ ಅಂದರೆ ಅರ್ಥವೇ ಉಲ್ಟಾ, ಉಸಿರು ಕಟ್ಟೋ ಹಾಗೆ ತುಳಿಯಿರಿ ಅಂತ. ತಮಾಷೆ ಏನಂದ್ರೆ, ಈ ಪದ ಬಳಕೆಗೆ ಬಂದಾಗ ಅದಕ್ಕಿದ್ದದ್ದು ನಮ್ಮ ಥಿಯೇಟರಿನ ಅರ್ಥವೇ.

1930ರ ದಶಕದಲ್ಲಿ ಜರ್ಮನಿಯಲ್ಲಿ ವೋಲ್ಡೆಮಾರ್ ಗೆರ್ಷ್ಲರ್ ಅನ್ನೋ ಕೋಚ್ ಮತ್ತು ಹೆರ್ಬರ್ಟ್ ರೈಂಡೆಲ್ ಅನ್ನೋ ಹೃದಯದ ಡಾಕ್ಟರ್ ಸೇರಿ ಓಟಗಾರರಿಗೆ ಒಂದು ಪದ್ಧತಿ ಹಾಕಿಕೊಟ್ಟರು. ನಾಡಿ ಬಡಿತ ನಿಮಿಷಕ್ಕೆ 180ರ ಹತ್ತಿರ ಹೋಗುವಷ್ಟು ಜೋರಾಗಿ ಒಂದು ಚಿಕ್ಕ ಓಟ, ಆಮೇಲೆ ಬಿಡುವು. ಬಡಿತ 90 ಸೆಕೆಂಡಿನೊಳಗೆ 120ರ ಆಸುಪಾಸಿಗೆ ಇಳಿಯಬೇಕು, ಇಳಿದರೆ ಮುಂದಿನ ಓಟ, ಇಳಿಯದಿದ್ದರೆ ಹಾಕಿದ ಭಾರ ಜಾಸ್ತಿಯಾಯಿತು ಅಂತ ಲೆಕ್ಕ. ಹೃದಯ ಗಟ್ಟಿಯಾಗೋದು ಓಡುವಾಗಲ್ಲ, ಆ ಬಿಡುವಿನಲ್ಲಿ ಅಂತ ಅವರು ನಂಬಿದ್ದರು. ಹಾಗಾಗಿ ಅವರಿಗೆ ‘ಇಂಟರ್ವಲ್’ ಅಂದರೆ ಓಟಗಳ ನಡುವಿನ ಹೊತ್ತು. ಗೆರ್ಷ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಆ ದಾಖಲೆ ಮುರಿಯಲು 16 ವರ್ಷ ಬೇಕಾಯಿತು.

ಈಗ ಪದ ಜಾರಿಬಿಟ್ಟಿದೆ. ‘8 ಇಂಟರ್ವಲ್ ಹೊಡೆದೆ’ ಅಂದರೆ 8 ಸಲ ಜೋರಾಗಿ ತುಳಿದೆ ಅಂತಲೇ ಎಲ್ಲರೂ ತಿಳಿಯೋದು. ಇರಲಿ, ಆದರೆ ಹಳೇ ಅರ್ಥ ಮರೆತವರು ಬಿಡುವನ್ನು ಸೋಮಾರಿತನ ಅಂದುಕೊಂಡು ಅಲ್ಲೂ ಜೋರಾಗಿ ತುಳಿಯುತ್ತಾರೆ. ಆಗ ಮೂರನೇ ಸುತ್ತಿಗೆ ಕಾಲು ಸೋತು ಜೋರಿನ ಭಾಗವೂ ಸಪ್ಪೆಯಾಗುತ್ತದೆ. ಜೋರಾಗಿ ತುಳಿಯುವಾಗ ಮಾಂಸಖಂಡದಲ್ಲಿ ಮೊದಲು ಖರ್ಚಾಗೋದು ಫಾಸ್ಫೋಕ್ರಿಯಾಟಿನ್ ಅನ್ನೋ ಶಕ್ತಿಯ ಚಿಲ್ಲರೆ ಕಾಸು. ನಿಧಾನ ಮಾಡಿದರೆ ಸುಮಾರು ಒಂದು ನಿಮಿಷದಲ್ಲಿ ಅದರ ಅರ್ಧದಷ್ಟು ಮತ್ತೆ ಜಮಾ ಆಗುತ್ತದೆ. ಬಿಡುವೇ ಇಲ್ಲದಿದ್ದರೆ ಜೇಬು ಖಾಲಿ.

ಊರಲ್ಲಿ ಸೈಕಲ್ ಹೊಡೆದವರಿಗೆ ಇದೇನು ಹೊಸದಲ್ಲ. ಏರು ಬಂದಾಗ ಸೀಟಿನಿಂದ ಎದ್ದು ತುಳಿಯೋದು, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಗಾಳಿ ಕುಡೀತಾ ಹೋಗೋದು, ಅಷ್ಟೇ ಅಲ್ವಾ? ಜಿಮ್ ಸೈಕಲ್‌ನಲ್ಲಿ ಏರನ್ನು ನಾವೇ ತಯಾರಿಸಬೇಕು, ಹ್ಯಾಂಡಲ್ ಕೆಳಗಿನ ನಾಬ್ ತಿರುಗಿಸಿ. ಇಳಿಜಾರಿನ ವಿಷಯದಲ್ಲಿ ಮಾತ್ರ ಹುಷಾರು. ಭಾರದ ಚಕ್ರ ಇರುವ ಸ್ಪಿನ್ ಬೈಕ್‌ಗಳಲ್ಲಿ ಬಹಳಷ್ಟಕ್ಕೆ ಫ್ರೀವೀಲ್ ಇರುವುದಿಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ದಿನ, ಹಳೇ ಅಭ್ಯಾಸದಲ್ಲಿ, ಜೋರಾಗಿ ತುಳಿದು ಸುಮ್ನೆ ಕಾಲು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ, ಪಾದ ಜಾರಿ ಮೊಣಕಾಲ ಕೆಳಗೆ ಒಂದು ಏಟು ಬಿತ್ತು. ತಕ್ಷಣ ನಿಲ್ಲಿಸಬೇಕಾದರೆ ನಾಬ್ ಒತ್ತಬೇಕು, ಅದೇ ಬ್ರೇಕು.

ಟಬಾಟಾ ಅನ್ನೋ ಹೆಸರೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಹುಟ್ಟಿದ್ದೇ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಜಪಾನಿನ ಸ್ಪೀಡ್ ಸ್ಕೇಟಿಂಗ್ ಕೋಚ್ ಇರಿಸಾವ ಕೋಯಿಚಿ ತನ್ನ ತಂಡಕ್ಕೆ ಮಾಡಿಸುತ್ತಿದ್ದ ಕಸರತ್ತನ್ನು ಇಜುಮಿ ಟಬಾಟಾ ಅನ್ನೋ ವಿಜ್ಞಾನಿ ಅಳತೆ ಮಾಡಿ ನೋಡಿದರು, 1996ರಲ್ಲಿ ಅದು ಪ್ರಕಟವಾಯಿತು. 20 ಸೆಕೆಂಡ್ ತುಳಿತ, 10 ಸೆಕೆಂಡ್ ಬಿಡುವು, 7ರಿಂದ 8 ಸಲ. ನಿಮಿಷಕ್ಕೆ 90 ಸುತ್ತು ತುಳಿಯಬೇಕು, 85ಕ್ಕಿಂತ ಕೆಳಗಿಳಿದರೆ ಆಟ ಮುಗಿಯಿತು. ಭಾರ ಎಷ್ಟು ಅಂತೀರಾ? ದೇಹ ಗರಿಷ್ಠ ಆಮ್ಲಜನಕ ಬಳಸಿಕೊಂಡು ಎಷ್ಟು ಕೆಲಸ ಮಾಡಬಲ್ಲದೋ, ಅದರ 170%. ಇನ್ನೊಂದು ಗುಂಪು ವಾರಕ್ಕೆ 5 ದಿನ, ದಿನಕ್ಕೆ ಒಂದು ಗಂಟೆ ಸಾಧಾರಣವಾಗಿ ತುಳಿಯಿತು. 6 ವಾರದ ಕೊನೆಗೆ ಎರಡೂ ಗುಂಪಿನ ಆಮ್ಲಜನಕ ಬಳಕೆ ಹೆಚ್ಚಿತ್ತು. ಆಮ್ಲಜನಕದ ನೆರವಿಲ್ಲದೆ ದುಡಿಯುವ ಶಕ್ತಿ ಮಾತ್ರ ಟಬಾಟಾ ಗುಂಪಿನಲ್ಲಷ್ಟೇ 28% ಏರಿತು. ಹಾಗಾಗಿ ಯಾರಾದರೂ ‘ಅರ್ಧ ಗಂಟೆ ಟಬಾಟಾ ಮಾಡಿದೆ’ ಅಂದರೆ ನಕ್ಕು ಸುಮ್ಮನಾಗಿ. ನಿಜವಾದದ್ದು 4 ನಿಮಿಷಕ್ಕೇ ಮನುಷ್ಯನನ್ನು ಮಲಗಿಸುತ್ತದೆ.

ನಮ್ಮಂಥವರಿಗೆ ಅಷ್ಟು ಬೇಕಾಗಿಲ್ಲ. ಸೀಟು ಸರಿಮಾಡಿಕೊಳ್ಳಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪ ಮಡಿಚಿರಬೇಕು. 5 ನಿಮಿಷ ಹಗುರವಾಗಿ ತುಳಿದು ಮೈ ಬೆಚ್ಚಗಾದ ಮೇಲೆ 1 ನಿಮಿಷ ಜೋರು, 2 ನಿಮಿಷ ನಿಧಾನ, ಹೀಗೆ 6 ಸಲ. ಜೋರು ಅಂದರೆ ಎಷ್ಟು ಅಂತ ತಿಳಿಯೋಕೆ ಮಾತಾಡಿ ನೋಡಿ. ಎರಡು ಮೂರು ಪದಕ್ಕಿಂತ ಹೆಚ್ಚು ಬಾರದಿದ್ದರೆ ಅದು ಜೋರು, ಬಿಡುವಿನ ಕೊನೆಗೆ ಪೂರ್ತಿ ವಾಕ್ಯ ಬಂದರೆ ಮುಂದಿನ ಸುತ್ತಿಗೆ ಸಿದ್ಧ. ಗೆರ್ಷ್ಲರ್ ನಾಡಿ ಹಿಡಿದು ನೋಡಿದ್ದೂ ಹೆಚ್ಚುಕಡಿಮೆ ಇದನ್ನೇ. ವಾರಕ್ಕೆ ಎರಡು ಮೂರು ದಿನ ಸಾಕು. ‘ಇಳಿದ ಮೇಲೂ ಇಡೀ ದಿನ ಕೊಬ್ಬು ಕರಗುತ್ತಿರುತ್ತದೆ’ ಅನ್ನೋ ಜಾಹೀರಾತಿನ ಮಾತು ನಂಬಬೇಡಿ. ಆ ಹೆಚ್ಚುವರಿ ಖರ್ಚು ಇರೋದು ನಿಜ, ಆದರೆ ಚಿಕ್ಕದು, ಒಂದು ಬೋಂಡಾಕ್ಕೂ ಸಾಲೋದು ಕಷ್ಟ. ಬಿಪಿ, ಹೃದಯದ ತೊಂದರೆ ಇದ್ದವರು, ವರ್ಷಗಟ್ಟಲೆ ಮೈ ಬಗ್ಗಿಸದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಇನ್ನು, ಕೊನೆಯ ಸುತ್ತು ಮುಗೀತು ಅಂತ ತಟ್ಟನೆ ಇಳಿಯಬೇಡಿ. ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ನಾಬ್ ಸಡಿಲ ಮಾಡಿ ಇನ್ನೊಂದು 5 ನಿಮಿಷ ಸುಮ್ನೆ ತುಳೀತಾ ಕೂತಿರಿ.