ಓಡದೆಯೂ ಓಡುವ ಪದ

ಅನುವಾದಕ್ಕೆ ಹೊಸಬರು ಉದ್ದುದ್ದ ಪದ ಕಂಡರೆ ಹೆದರುತ್ತಾರೆ. ನನಗೆ ಭಯ 'ರನ್' ಕಂಡರೆ. ಉದ್ದದ ಪದ ಬಂದರೆ ನಿಘಂಟು ತೆಗೆಯುತ್ತೇವೆ, ರನ್‌ಗೆ ಯಾರು ತೆಗೆಯುತ್ತಾರೆ? ಓಡು ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಮುಂದೆ ಸುಮಾರು ಒಂಬತ್ತು ತಿಂಗಳು ಕೂತು 645 ಅರ್ಥ ಬಿಡಿಸಿಟ್ಟರು. ಅದಕ್ಕೂ ಮುಂಚೆ ಅತಿ ಹೆಚ್ಚು ಅರ್ಥದ ಪದ ಅಂದರೆ 'ಸೆಟ್' ಅಂತಿದ್ದರು.

ಒಮ್ಮೆ ಬಟ್ಟೆ ಒಗೆಯುವ ಸೂಚನೆಯ ಕರಡು ತಿದ್ದಲು ಬಂತು. 'ಮೊದಲ ಒಗೆತದಲ್ಲಿ ಬಣ್ಣಗಳು ಓಡಬಹುದು' ಅಂತಿತ್ತು. ಎಲ್ಲಿಗೆ ಓಡುತ್ತವೋ ಪಾಪ! ಬಣ್ಣ ಬಿಡುತ್ತದೆ, ಅಷ್ಟೇ. ಹಾಗೇ ಮೂಗು ಸೋರುತ್ತದೆ, ಜ್ವರ ಬರುತ್ತದೆ, ಅಂಗಡಿ ನಡೆಸುತ್ತಾರೆ, ಸಕ್ಕರೆ ಮುಗಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ರನ್ನೇ. ಚುನಾವಣೆಯಲ್ಲಂತೂ ತಮಾಷೆ: ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನಲ್ಲಿ ನಮ್ಮ ಹಾಗೇ ನಿಲ್ಲುತ್ತಾನೆ.

ಇಂಥ ತಪ್ಪು ಓದಿದ ತಕ್ಷಣ ನಗು ಬರುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ಕಾಟ ಜಾಸ್ತಿ ಇರುವುದು ಓಡು ಅನ್ನುವುದು ಅರ್ಧಂಬರ್ಧ ಹೊಂದುವ ಕಡೆ. ಕನ್ನಡದಲ್ಲೂ ಸಿನಿಮಾ ಓಡುತ್ತದೆ, ಗಡಿಯಾರ ಓಡುತ್ತದೆ, ನಿದ್ದೆಗೆಟ್ಟರೆ ತಲೆ ಓಡುವುದಿಲ್ಲ, ಪತ್ರದ ಮೇಲೆ ಕಣ್ಣೋಡಿಸುತ್ತೇವೆ. ಹೀಗೆ ನಾಲ್ಕು ಸಲ ಸರಿಹೋಯಿತು ಅಂತ ಐದನೇ ಸಲವೂ ನಂಬಿಬಿಡುತ್ತೇವೆ ನೋಡಿ, ಅಲ್ಲೇ ಎಡವುವುದು. ನೀರೆತ್ತುವ ಪಂಪಿನ ಕೈಪಿಡಿಯಲ್ಲಿ 'ಡೋಂಟ್ ರನ್ ಡ್ರೈ' ಅಂತಿದ್ದುದನ್ನು ನಾನೇ 'ಒಣಗಿಸಿ ಓಡಿಸಬೇಡಿ' ಅಂತ ಬರೆದಿದ್ದೆ. ಓದುವುದಕ್ಕೆ ಏನೂ ತೊಂದರೆ ಇಲ್ಲ, ಅಲ್ವಾ? ಆದರೆ ಅವರು ಹೇಳಿದ್ದು ನೀರಿಲ್ಲದೆ ಪಂಪ್ ಚಾಲೂ ಮಾಡಬೇಡಿ ಅಂತ. ನನ್ನ ಮಾತು ನಂಬಿದವರು ಪಂಪನ್ನು ಒದ್ದೆಯಾಗಿಟ್ಟರೆ ಸಾಕು ಅಂದುಕೊಳ್ಳುತ್ತಿದ್ದರು, ಒಳಗಿನ ಸೀಲ್ ಸುಟ್ಟುಹೋಗುತ್ತಿತ್ತು.

ಆಮೇಲಿಂದ ನಾನು ರನ್ ಬಂದಾಗ ಆ ಪದವನ್ನು ನೋಡುವುದಿಲ್ಲ, ಅದರ ಪಕ್ಕದ್ದನ್ನು ನೋಡುತ್ತೇನೆ. ಮೂಗೋ, ಬಣ್ಣವೋ, ಪಂಪೋ? ಅದಕ್ಕೆ ಕನ್ನಡದವರು ಏನಂತಾರೆ? ಅದನ್ನು ಬರೆದರಾಯಿತು.

ಇಂಗ್ಲಿಷನ್ನು ಸುಮ್ನೆ ಬೈಯುವ ಹಾಗೂ ಇಲ್ಲ. ನಾವು ಗೊರಕೆ ಹೊಡೆಯುತ್ತೇವೆ, ಸಿಳ್ಳೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಸುಳ್ಳನ್ನೂ ಹೊಡೆಯುತ್ತೇವೆ. ಕನ್ನಡ ಕಲಿಯುವವರು ಇದರಲ್ಲಿ ಏಟು ತಿನ್ನುವವರು ಯಾರು ಅಂತ ಕೇಳಿದರೆ ಏನು ಹೇಳೋಣ?