ಬೆಳಿಗ್ಗೆ ಗಾಡಿ ಎಷ್ಟು ಹೊತ್ತು ಬಿಸಿ ಮಾಡಬೇಕು?

ಪ್ರಶ್ನೆ: ನಮ್ಮ ಊರು ಮೂಡಿಗೆರೆ ಹತ್ತಿರ. ಹೋದ ವರ್ಷ ಹೊಸ ಪೆಟ್ರೋಲ್ ಕಾರು ತಗೊಂಡೆವು. ಚಳಿಗೆ, ಮಳೆಗೆ ಬೆಳಿಗ್ಗೆ ಹೊರಡೋ ಮೊದಲು ಎಂಜಿನ್ ಎಷ್ಟು ನಿಮಿಷ ಸ್ಟಾರ್ಟ್‌ನಲ್ಲಿ ಇಡಬೇಕು ಸಾರ್? ನಮ್ಮ ತಂದೆ ಹದಿನೈದು ನಿಮಿಷ ಅಂತಾರೆ.

ಉತ್ತರ: ಅರ್ಧ ನಿಮಿಷ.

ಇಷ್ಟಕ್ಕೇ ಬಿಟ್ಟರೆ ನೀವು ಒಪ್ಪೋದಿಲ್ಲ ಅಂತ ಗೊತ್ತು. ಚಿಕ್ಕಮಗಳೂರಿನಲ್ಲಿ ಡ್ರೈವಿಂಗ್ ಕಲಿಸೋಕೆ ಶುರು ಮಾಡಿದಾಗಿನಿಂದ ಈ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇದ್ದೇನೆ. ಕೇಳಿದವರು ತಲೆ ಆಡಿಸುತ್ತಾರೆ, ಮಾರನೇ ದಿನ ಮತ್ತೆ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿಟ್ಟು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ನಿಮ್ಮ ತಂದೆಯವರು ಹೇಳಿದ್ದು ಸುಳ್ಳಲ್ಲ. ಅವರು ಹೇಳುತ್ತಿರೋದು ಅವರು ಓಡಿಸಿದ ಗಾಡಿಯ ಬಗ್ಗೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಮಾರುತಿ 800, ಇವಕ್ಕೆಲ್ಲ ಕಾರ್ಬುರೇಟರ್ ಇತ್ತು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿ ಆಗೋದಿಲ್ಲ, ಒಳಗೆ ಹೋಗೋ ದಾರಿಯಲ್ಲೇ ಕೊಳವೆಯ ಗೋಡೆಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಡ್ಯಾಶ್‌ಬೋರ್ಡಿನ ಕೆಳಗೆ ಚೋಕ್ ಅಂತ ಒಂದು ಗುಂಡಿ ಇರುತ್ತಿತ್ತು. ಅದನ್ನು ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು. ಸ್ವಲ್ಪ ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿ ಹೊರಡಬೇಕು. ಅವಸರ ಮಾಡಿದರೆ ಗೇಟಿನ ಹತ್ತಿರವೇ ಜರ್ಕ್ ಹೊಡೆದು ಆಫ್ ಆಗೋದು. ಆ ಗಾಡಿಗಳಿಗೆ ಕಾಯಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ.

2000ದ ಆಸುಪಾಸಿನಲ್ಲಿ ನಮ್ಮಲ್ಲಿ ಹೊಸ ಕಾರುಗಳಿಂದ ಕಾರ್ಬುರೇಟರ್ ಹೋಯಿತು. ಕಾರುಗಳ ಹಿಂದೆ ಎಂಪಿಎಫ್ಐ ಅಂತ ಅಕ್ಷರ ಅಂಟಿಸಿರುತ್ತಿದ್ದರು, ನೆನಪಿದೆಯಾ? ಆಗ ಬಂದಿದ್ದೇ ಈ ಬದಲಾವಣೆ. ಈಗ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡೋ ನೀರು, ಎಷ್ಟು ಬಿಸಿ ಇದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ ಅಂತ ಸೆನ್ಸರ್‌ಗಳು ನೋಡುತ್ತವೆ, ಪೆಟ್ರೋಲ್ ಎಷ್ಟು ಬೇಕೋ ಅಷ್ಟನ್ನು ಒಂದು ಸಣ್ಣ ಕಂಪ್ಯೂಟರ್ ಲೆಕ್ಕ ಹಾಕಿ ಸಿಂಪಡಿಸುತ್ತದೆ. ನಿಮ್ಮ ತಂದೆ ಕೈಯಲ್ಲಿ ಎಳೆಯುತ್ತಿದ್ದ ಚೋಕನ್ನು ಗಾಡಿಯೇ ಎಳೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆರ್‌ಪಿಎಂ ಮುಳ್ಳು 1200, 1500ರ ಹತ್ತಿರ ಹೋಗಿ, ಆಮೇಲೆ ನಿಧಾನಕ್ಕೆ ಇಳಿಯೋದನ್ನು ನೋಡಿರುತ್ತೀರಿ. ಕೆಲಸ ಅಲ್ಲೇ ನಡೆಯುತ್ತಿದೆ. ನೀವು ನಿಂತು ನೋಡಬೇಕಾದ್ದು ಏನೂ ಇಲ್ಲ.

ಇಲ್ಲಿಗೆ ಬಂದಾಗ ಒಬ್ಬರಾದರೂ ಕೇಳುತ್ತಾರೆ: "ಆಯಿಲ್ ಮೇಲೆ ಬರಬೇಡವಾ ಸಾರ್? ರಾತ್ರಿ ಎಲ್ಲಾ ಕೆಳಗೆ ಇಳಿದಿರುತ್ತೆ." ಬರಬೇಕು, ಬರುತ್ತದೆ, ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಆಯಿಲ್ ಕ್ಯಾನಿನ ಚಿತ್ರ ಇರೋ ಕೆಂಪು ದೀಪ ಸ್ಟಾರ್ಟ್ ಆದ ತಕ್ಷಣ ಆರುತ್ತದೆ ಅಲ್ವಾ, ಒತ್ತಡ ಬಂದಾಯಿತು ಅಂತ ಅರ್ಥ. ಮಿಕ್ಕ ಅರ್ಧ ನಿಮಿಷ ನಾನು ಹೇಳೋದು ಸುಮ್ನೆ ಧಾರಾಳಕ್ಕೆ. ಇನ್ನು ಚಳಿಯ ಮಾತು. ನಮ್ಮ ಊರಿನ ಚಳಿ ನಮಗೆ ದೊಡ್ಡದು, ಆಯಿಲ್‌ಗೆ ಅಲ್ಲ. ಡಬ್ಬಿ ಮೇಲೆ 5ಡಬ್ಲ್ಯೂ-30 ಅಂತ ಬರೆದಿದ್ದರೆ ಆ ಆಯಿಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷೆ ಮಾಡಿರುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಬಾಬಾಬುಡನ್‌ಗಿರಿ ಮೇಲೆ ನಿಲ್ಲಿಸಿದರೂ ಅದಕ್ಕೆ ಬೇಸಿಗೆಯೇ.

ನಿಂತಲ್ಲೇ ಬಿಸಿ ಮಾಡಿದರೆ ನಷ್ಟ ಏನು? ಬರೀ ಪೆಟ್ರೋಲ್ ಅಂದುಕೊಳ್ಳುತ್ತಾರೆ. ಅದೂ ಹೌದು, ಸಣ್ಣ ಕಾರು ನಿಂತಲ್ಲೇ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಆದರೆ ಎಂಜಿನ್‌ಗೆ ಆಗೋ ಕೆಡುಕು ಬೇರೆ. ತಣ್ಣಗಿರೋ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ ಅಂದೆನಲ್ಲ, ಅದೆಲ್ಲ ಉರಿಯೋದಿಲ್ಲ. ಸ್ವಲ್ಪ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು, ಕೆಳಗಿನ ಆಯಿಲ್ ಜೊತೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಎಂಜಿನ್ ಬೇಗ ಬಿಸಿಯಾದರೆ ಇದು ಬೇಗ ನಿಲ್ಲುತ್ತದೆ. ಬೇಗ ಬಿಸಿಯಾಗೋದು ಕೆಲಸ ಕೊಟ್ಟಾಗ, ಅಂದರೆ ಓಡಿಸಿದಾಗ. ನಿಲ್ಲಿಸಿಟ್ಟರೆ ತುಂಬಾ ನಿಧಾನ. ಎಂಜಿನ್ ಉಳಿಸಬೇಕು ಅಂತ ಮಾಡೋ ಕೆಲಸ ಎಂಜಿನ್ ಸವೆಯೋ ಹೊತ್ತನ್ನೇ ಎಳೆಯುತ್ತದೆ. ಹೊಗೆ ಜೊತೆ ಬರೋ ನೀರಿನ ಆವಿ ಸೈಲೆನ್ಸರ್ ಒಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ, ಅದು ಬೇರೆ. ಗೇರ್ ಬಾಕ್ಸು, ಚಕ್ರದ ಬೇರಿಂಗು, ಟೈರು ನಿಂತಲ್ಲಿ ಬಿಸಿಯಾಗೋದೇ ಇಲ್ಲ.

ಡೀಸೆಲ್ ಗಾಡಿಯವರು ನಮಗೆ ಇದು ಅನ್ವಯಿಸೋದಿಲ್ಲ ಅಂತ ನಗಬೇಡಿ. ನಿಂತಲ್ಲಿ ಡೀಸೆಲ್ ಎಂಜಿನ್ ಬಿಸಿಯಾಗೋದು ಪೆಟ್ರೋಲಿಗಿಂತ ನಿಧಾನ. ಕೀ ತಿರುಗಿಸಿದಾಗ ಸುರುಳಿಯಂಥ ಒಂದು ಹಳದಿ ದೀಪ ಬರುತ್ತದೆ, ಅದು ಆರುವ ತನಕ ಕಾಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಕಾಯಬೇಕಾದ್ದು ಅಲ್ಲಿ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ. ದಿನಾ ನಿಂತಲ್ಲೇ ಓಡಿಸಿ, ಆಮೇಲೆ ಪೇಟೆಯೊಳಗೇ ಎರಡು ಕಿಲೋಮೀಟರ್ ಸುತ್ತಿದರೆ ಅದು ಕಟ್ಟಿಕೊಳ್ಳುತ್ತದೆ. ಅದರ ರಿಪೇರಿ ಬಿಲ್ ನೋಡಿದವರು ಮತ್ತೆ ನನ್ನ ಹತ್ತಿರ ವಾದ ಮಾಡಿಲ್ಲ.

"ಹಾಗಾದ್ರೆ ಸರ್ಕಾರಿ ಬಸ್ಸಿನವರು ಯಾಕೆ ಡಿಪೋದಲ್ಲಿ ಅಷ್ಟು ಹೊತ್ತು ಸ್ಟಾರ್ಟ್ ಇಡ್ತಾರೆ?" ಒಳ್ಳೇ ಪ್ರಶ್ನೆ. ಬಸ್ಸು, ಲಾರಿಗಳ ಬ್ರೇಕ್ ಕೆಲಸ ಮಾಡೋದು ಗಾಳಿಯ ಒತ್ತಡದಿಂದ. ರಾತ್ರಿ ಟ್ಯಾಂಕಿನಲ್ಲಿ ಏರ್ ಇಳಿದಿರುತ್ತದೆ, ಎಂಜಿನ್ ಓಡಿ ಮತ್ತೆ ಏರ್ ತುಂಬುವ ತನಕ ಪಾರ್ಕಿಂಗ್ ಬ್ರೇಕ್ ಬಿಡೋದೇ ಇಲ್ಲ. ಅವರು ಕಾಯೋದು ಬ್ರೇಕಿಗೆ. ನಿಮ್ಮ ಕಾರಿನ ಬ್ರೇಕಿಗೆ ಏರ್ ಟ್ಯಾಂಕೇ ಇಲ್ಲ.

ಇನ್ನೊಂದು, ಇದನ್ನು ಬೈದೇ ಹೇಳಬೇಕು. ಮಳೆ, ಚಳಿ ಅಂತ ಬಾಗಿಲು ಹಾಕಿದ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಬರುತ್ತದೆ, ಆಮೇಲೆ ಏಳೋಕೆ ಆಗೋದಿಲ್ಲ. ಅದರಲ್ಲೂ ಮಕ್ಕಳನ್ನು ಮೊದಲೇ ಗಾಡಿಯಲ್ಲಿ ಕೂರಿಸಿ, ಸ್ಟಾರ್ಟ್ ಮಾಡಿಟ್ಟು, ಟಿಫನ್ ಬಾಕ್ಸ್ ತರೋಕೆ ಒಳಗೆ ಹೋಗೋರು ಇದ್ದಾರಲ್ಲ, ದಯವಿಟ್ಟು ನಿಲ್ಲಿಸಿ.

ಸರಿ, ಅರ್ಧ ನಿಮಿಷಕ್ಕೆ ಹೊರಡಿ. ಆದರೆ ಮೊದಲ ಎರಡು ಮೂರು ಕಿಲೋಮೀಟರ್ ಮೆತ್ತಗೆ. ಪೆಟ್ರೋಲ್ ಆದರೆ 2500 ಆರ್‌ಪಿಎಂ ದಾಟಿಸಬೇಡಿ. ನಿಂತಲ್ಲಿ ರೇಸ್ ಮಾಡಿ ಬಿಸಿ ಮಾಡೋದಂತೂ ಬೇಡವೇ ಬೇಡ. ಮನೆ ಬಾಗಿಲಿಂದಲೇ ಕಡಿದಾದ ಏರು ಶುರುವಾಗುವ ತೋಟದವರು ಬೇಕಾದರೆ ಒಂದು ನಿಮಿಷ ನಿಲ್ಲಿ, ಅಷ್ಟೇ. ಹಳೇ ಕಾರ್ಬುರೇಟರ್ ಗಾಡಿ ಇನ್ನೂ ಇಟ್ಟುಕೊಂಡಿರೋರಿಗೆ ನಿಮ್ಮ ತಂದೆಯವರ ಮಾತೇ ಸರಿ, ಹದಿನೈದು ನಿಮಿಷ ಮಾತ್ರ ಆ ಗಾಡಿಗೂ ಜಾಸ್ತಿ.

ಉಳಿದ ಹದಿನಾಲ್ಕೂವರೆ ನಿಮಿಷದಲ್ಲಿ ನಾಲ್ಕು ನಿಮಿಷ ನನಗೆ ಕೊಡಿ. ಸ್ಟಾರ್ಟ್ ಮಾಡೋ ಮೊದಲು ಗಾಡಿ ಸುತ್ತ ಒಂದು ಸುತ್ತು ಬನ್ನಿ. ಬಗ್ಗಿ ಕೆಳಗೆ ನೋಡಿ. ರಾತ್ರಿ ಬೆಚ್ಚಗಿದ್ದ ಜಾಗ ಅಂತ ಬೆಕ್ಕು, ನಾಯಿಮರಿ ಮಲಗಿರುತ್ತವೆ. ಬಾನೆಟ್ ಮೇಲೆ ಎರಡು ಸಲ ತಟ್ಟಿದರೆ ಒಳಗೆ ಸೇರಿದ್ದ ಬೆಕ್ಕೂ ಓಡುತ್ತದೆ. ನೆಲದ ಮೇಲೆ ಏನಾದರೂ ಸೋರಿದೆಯಾ? ಬರೀ ನೀರಾದರೆ ಹಿಂದಿನ ದಿನದ ಎಸಿ ನೀರು, ಚಿಂತೆ ಇಲ್ಲ. ಬಣ್ಣದ ಅಂಟು ನೀರಾದರೆ ಕೂಲೆಂಟ್, ಕಪ್ಪಾದರೆ ಆಯಿಲ್. ಚಕ್ರದ ಒಳಬದಿಯಲ್ಲಿ ಎಣ್ಣೆಯಂತೆ ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್ ಇರಬಹುದು, ಆ ಗಾಡಿ ಮುಟ್ಟಬೇಡಿ, ಮೆಕ್ಯಾನಿಕನ್ನು ಮನೆಗೇ ಕರೆಸಿ.

ಟೈರ್ ಗಾಳಿ ನೋಡಬೇಕಾದ್ದೂ ಬೆಳಿಗ್ಗೆ ತಣ್ಣಗಿದ್ದಾಗಲೇ. ಎಷ್ಟು ಹಾಕಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್‌ನಲ್ಲಿದೆ. ಟೈರ್ ಪಕ್ಕದಲ್ಲಿ ಬರೆದಿರೋದು ಆ ಟೈರ್ ತಡೆಯೋ ಗರಿಷ್ಠ ಒತ್ತಡ, ಅದನ್ನು ಹೊಡಿಸಬೇಡಿ. ಕಾರಿನ ಟೈರ್ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಆಗಬಾರದು ಅಂತ ನಿಯಮ ಇದೆ. ನಮ್ಮ ಜುಲೈ ಮಳೆಗೆ, ಚಾರ್ಮಾಡಿ ಘಾಟಿ ಇಳಿಯೋರಿಗೆ, ಅಷ್ಟರ ತನಕ ಕಾಯೋದೂ ತಡವೇ ಅಂತ ನನ್ನ ಅಭಿಪ್ರಾಯ. ಸ್ಟೆಪ್ನಿಗೂ ಗಾಳಿ ನೋಡಿ.

ಒಳಗೆ ಕೂತ ಮೇಲೆ ಮೊದಲು ಸೀಟು, ಆಮೇಲೆ ಕನ್ನಡಿ. ಕ್ಲಚ್ ಪೂರ್ತಿ ತುಳಿದಾಗ ಮೊಣಕಾಲು ಇನ್ನೂ ಸ್ವಲ್ಪ ಮಡಚಿರಬೇಕು. ಆಮೇಲೆ ಬೆಲ್ಟ್, ಹಿಂದೆ ಕೂತವರಿಗೂ. ಹಾಕದಿದ್ದರೆ 1000 ರೂಪಾಯಿ ದಂಡ, ಆದರೆ ದಂಡಕ್ಕೆ ಹೆದರಿ ಹಾಕೋದಾದರೆ ಚೆಕ್‌ಪೋಸ್ಟ್ ದಾಟಿದ ಮೇಲೆ ತೆಗೆಯುತ್ತೀರಿ, ನೋಡಿದ್ದೇನೆ. ಕಾಲ ಕೆಳಗೆ ನೋಡಿ. ನೀರಿನ ಬಾಟಲಿ ಸೀಟಿನ ಕೆಳಗೆ ಬಿದ್ದಿದ್ದರೆ ಏರಿನಲ್ಲಿ ಅದು ಹಿಂದೆ ಇರುತ್ತದೆ, ನಿಮಗೆ ಗೊತ್ತೂ ಆಗೋದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಮುಂದೆ ಉರುಳಿ ಸೀದಾ ಪೆಡಲ್ ಕೆಳಗೆ ಹೋಗಿ ಕೂರುತ್ತದೆ. ಆಮೇಲೆ ಬ್ರೇಕ್ ಅರ್ಧಕ್ಕೇ ನಿಲ್ಲುತ್ತದೆ. ಹವಾಯಿ ಚಪ್ಪಲಿಯೂ ಬೇಡ, ಒದ್ದೆಯಾದರೆ ಜಾರುತ್ತದೆ. ಘಾಟಿಗೆ ಅಂತ ಮನೆಮಂದಿಗೆಲ್ಲ ವಾಂತಿ ಮಾತ್ರೆ ಹಂಚುವಾಗ ಡ್ರೈವರ್ ಕೈಗೂ ಒಂದು ಇಡುತ್ತಾರೆ. ತಗೋಬೇಡಿ, ನಿದ್ದೆ ಬರುತ್ತದೆ. ಕೆಲವು ನೆಗಡಿ ಮಾತ್ರೆಗಳೂ ಹಾಗೇ.

ಗಾಜು ಮಂಜಾಗಿದ್ದರೆ ಅಂಗೈಯಲ್ಲಿ ಒರೆಸಿ, ತಟ್ಟೆಯಷ್ಟು ಜಾಗದಲ್ಲಿ ಇಣುಕಿ ನೋಡಿಕೊಂಡು ಹೊರಡೋರಿದ್ದಾರೆ. ಕೈಯ ಜಿಡ್ಡು ಅಂಟಿದ ಜಾಗ ಎದುರಿನ ಗಾಡಿಯ ಲೈಟ್ ಬಿದ್ದಾಗ ಪೂರ್ತಿ ಬೆಳ್ಳಗಾಗುತ್ತದೆ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರೋ ಹಾಗೆ ಇಡಿ. ಎಸಿ ಗಾಳಿಯ ತೇವ ಹೀರುತ್ತದೆ, ಜೊತೆಗೆ ಹೀಟರ್ ಹಾಕಿದರೆ ಇನ್ನೂ ಬೇಗ. ಗಾಜು ಪೂರ್ತಿ ತಿಳಿಯಾಗುವ ತನಕ ನಿಲ್ಲಿ, ಆ ಕಾಯೋದಕ್ಕೆ ನನ್ನ ತಕರಾರಿಲ್ಲ.

ಯಾರೂ ಕೇಳದಿದ್ದರೂ ಒಂದು ಹೇಳಬೇಕು. ಬೆಳಗಿನ ಅರ್ಧ ತೊಂದರೆ ಹಿಂದಿನ ಸಂಜೆ ಗಾಡಿ ನಿಲ್ಲಿಸುವಾಗಲೇ ಶುರುವಾಗಿರುತ್ತದೆ. ಜಡಿಮಳೆ ಹಿಡಿದು ನಾಲ್ಕು ದಿನ ಗಾಡಿ ತೆಗೆದಿಲ್ಲ, ಐದನೇ ದಿನ ಕ್ಲಚ್ ಬಿಟ್ಟರೆ ಗಾಡಿ ಹಿಂದಿನಿಂದ ಯಾರೋ ಹಿಡಿದ ಹಾಗೆ ನಿಲ್ಲುತ್ತದೆ. ಒದ್ದೆಯಲ್ಲಿ ನಿಂತು, ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿರುತ್ತದೆ. ಶೆಡ್ಡಿನ ಸಮತಟ್ಟು ನೆಲದಲ್ಲಿ ತುಂಬಾ ದಿನ ನಿಲ್ಲಿಸೋದಾದರೆ ಹ್ಯಾಂಡ್ ಬ್ರೇಕ್ ಬೇಡ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರಿನಲ್ಲಿ ಈ ಬುದ್ಧಿವಂತಿಕೆ ಮಾಡಬೇಡಿ, ಅಲ್ಲಿ ಹ್ಯಾಂಡ್ ಬ್ರೇಕ್ ಬೇಕೇ ಬೇಕು. ಗಾಡಿಯ ಮೂತಿ ಏರಿನ ಕಡೆ ಇದ್ದರೆ ಫಸ್ಟ್ ಗೇರು, ಇಳಿಜಾರಿನ ಕಡೆ ಇದ್ದರೆ ರಿವರ್ಸ್. ಆಟೋಮ್ಯಾಟಿಕ್ ಆದರೆ ಕಾಲಿನ ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಲಿವರನ್ನು ಪಾರ್ಕಿಂಗಿನ 'ಪಿ'ಗೆ ಹಾಕಿ. ಇಲ್ಲದಿದ್ದರೆ ಗಾಡಿಯ ಭಾರ ಎಲ್ಲಾ ಗೇರ್ ಬಾಕ್ಸಿನ ಒಂದು ಸಣ್ಣ ಕೊಂಡಿ ಮೇಲೆ ಬಿದ್ದು, ಬೆಳಿಗ್ಗೆ ಲಿವರ್ ಎಳೆದಾಗ ಠಕ್ ಅನ್ನುತ್ತದೆ.

ಕಲ್ಲು ಕೊಟ್ಟವರು ಬೆಳಿಗ್ಗೆ ಆ ಕಲ್ಲು ತೆಗೆದು ಪಕ್ಕಕ್ಕೆ ಹಾಕಿ. ಏರು ರಸ್ತೆಯಲ್ಲಿ ಗಾಡಿ ಕೆಟ್ಟಾಗ ಇಟ್ಟ ಕಲ್ಲಿಗೂ ಇದೇ ಮಾತು. ರಿಪೇರಿ ಆದ ಖುಷಿಯಲ್ಲಿ ಅಲ್ಲೇ ಬಿಟ್ಟು ಹೋಗುತ್ತೀರಿ, ಹಿಂದೆ ಮಂಜಿನಲ್ಲಿ ಬರೋ ಬೈಕಿನವನಿಗೆ ಅದು ಕಾಣೋದಿಲ್ಲ.