ಒಂದು ಲೀಟರ್ ಡೀಸೆಲ್ ಎರಡೂವರೆ ಕೆಜಿ ಹೇಗಾಗುತ್ತೆ? ಹಸಿರು ಚಿತ್ರೀಕರಣದ ಟಿಪ್ಪಣಿ

ಮುಂದಿನ ವಾರ ಇಂಟರ್ನಲ್ಸ್. ಮೂರನೇ ಯೂನಿಟ್‌ನಲ್ಲಿ ಬ್ರಿಟನ್ನಿನ ಸಿನಿಮಾ ಮತ್ತು ಟಿವಿ ಉದ್ಯಮದ ಪರಿಸರ ನೀತಿ ಇದೆ. ಸುಲಭ ಅಂದುಕೊಂಡು ಕೊನೆಗೆ ಇಟ್ಟಿದ್ದೆ. ಪ್ಲಾಸ್ಟಿಕ್ ಬಾಟಲಿ ಬೇಡ, ಎಲ್‌ಇಡಿ ಲೈಟ್ ಹಾಕಿ, ನಾಲ್ಕು ಗಿಡ ನೆಡಿ, ಇಷ್ಟೇ ಅಲ್ವಾ ಅಂತ. ಲೆಕ್ಕದ ಪುಟ ಬಂದಾಗ ಸಿಕ್ಕಿಬಿದ್ದೆ, ಮೂರು ಸಂಜೆ ಅಲ್ಲೇ ಹೋಯಿತು. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ನಿಮಗೂ ಅಲ್ಲೇ ಕಾಲು ಸಿಕ್ಕಿಕೊಂಡಿದ್ದರೆ ಓದಿ.

ಮೊದಲು ಆಲ್ಬರ್ಟ್

ಆಲ್ಬರ್ಟ್ ಅಂದರೆ ವಿಜ್ಞಾನಿ ಅಲ್ಲ, ಒಂದು ಲೆಕ್ಕದ ಸಾಧನ. ಮೊದಲು ಮಾಡಿದ್ದು ಬಿಬಿಸಿ. 2011ರಿಂದ ಬಾಫ್ಟಾ, ಅಂದರೆ ಬ್ರಿಟನ್ನಿನ ಸಿನಿಮಾ-ಟಿವಿ ಅಕಾಡೆಮಿ, ಅದನ್ನು ನೋಡಿಕೊಳ್ಳುತ್ತಿದೆ, ಇಡೀ ಉದ್ಯಮ ಬಳಸುತ್ತದೆ. ನಿರ್ಮಾಪಕ ಎರಡು ಕೆಲಸ ಮಾಡಬೇಕು. ಒಂದು, ಪ್ರಯಾಣ, ಕರೆಂಟು, ಡೀಸೆಲ್, ಊಟ, ವಸತಿ ಎಲ್ಲ ತುಂಬಿ ತನ್ನ ಚಿತ್ರೀಕರಣದ ಇಂಗಾಲ (ಅಂದರೆ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್) ಎಷ್ಟು ಅಂತ ನೋಡಬೇಕು. ಎರಡು, ಅದನ್ನು ಎಲ್ಲಿ ಇಳಿಸುತ್ತೇನೆ ಅಂತ ಯೋಜನೆ ಬರೆದು, ಮಾಡಿದ್ದಕ್ಕೆ ಪುರಾವೆ ಕೊಡಬೇಕು. ಆಗ ಸರ್ಟಿಫಿಕೇಟ್ ಸಿಗುತ್ತದೆ.

ನಾನು ಇದನ್ನು ಸರ್ಕಾರದ ಕಾನೂನು ಅಂತಲೇ ಬರೆದುಕೊಂಡಿದ್ದೆ. ತಪ್ಪು. ಕಾರ್ಯಕ್ರಮ ಕೊಳ್ಳುವ ಚಾನೆಲ್ ಹಾಕುವ ಷರತ್ತು ಇದು. 2022ರ ಜನವರಿಯಿಂದ ಬಿಬಿಸಿ ಹೊಸದಾಗಿ ಒಪ್ಪಿಸುವ ಟಿವಿ ಕಾರ್ಯಕ್ರಮಗಳಿಗೆಲ್ಲ ಈ ಸರ್ಟಿಫಿಕೇಟ್ ಕಡ್ಡಾಯ. ಪೊಲೀಸ್ ಬರಲ್ಲ, ದಂಡ ಇಲ್ಲ, ಆದರೆ ಸರ್ಟಿಫಿಕೇಟ್ ಇಲ್ಲದಿದ್ದರೆ ಕೊಳ್ಳುವವರಿಲ್ಲ. ಫ್ರಾನ್ಸ್‌ನಲ್ಲಿ ಹಿಡಿತ ಬೇರೆ ಕಡೆ ಇದೆ. ಅಲ್ಲಿ ಸಿನಿಮಾಕ್ಕೆ ಸರ್ಕಾರಿ ನೆರವು ಕೊಡುವ ಸಿಎನ್‌ಸಿ 2021ರಲ್ಲಿ ಒಂದು ಯೋಜನೆ ಶುರು ಮಾಡಿತು. ಈಗ ನೆರವು ಬೇಕಾದರೆ ಎರಡು ಲೆಕ್ಕ ಕೊಡಬೇಕು, ಶೂಟಿಂಗಿಗೆ ಮೊದಲು ಅಂದಾಜು, ಮುಗಿದ ಮೇಲೆ ನಿಜದ್ದು. ಮನೆ ಕಟ್ಟಿಸುವಾಗ ಮೇಸ್ತ್ರಿ ಹೇಳಿದ ಅಂದಾಜು ಮತ್ತು ಕೊನೆಯ ಬಿಲ್ಲು ಪಕ್ಕಪಕ್ಕ ಇಟ್ಟಂತೆ. ನನಗೆ ಇದೇ ಜಾಸ್ತಿ ಹಿಡಿಸಿತು.

51, 34, 15

ಈ ಮೂರು ಸಂಖ್ಯೆ ಬಾಯಿಪಾಠ ಮಾಡಿ. 2020ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಆಲ್ಬರ್ಟ್ ಮತ್ತು ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆ ಸೇರಿ ಒಂದು ವರದಿ ತಂದವು. 7 ಕೋಟಿ ಡಾಲರ್‌ಗಿಂತ ಹೆಚ್ಚು ಬಜೆಟ್ಟಿನ ಒಂದು ದೊಡ್ಡ ಸಿನಿಮಾ ಸರಾಸರಿ 2,840 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಬಿಡುತ್ತದೆ ಅಂತ ಅದರಲ್ಲಿದೆ. ಅದರಲ್ಲಿ ನೂರಕ್ಕೆ ಸುಮಾರು 51 ಭಾಗ ಓಡಾಟ, 34 ಭಾಗ ಲೈನಿನ ಕರೆಂಟು ಮತ್ತು ಗ್ಯಾಸ್, 15 ಭಾಗ ಡೀಸೆಲ್ ಜನರೇಟರ್. ಕೂಡಿಸಿ ನೋಡಿ, 100 ಆಯಿತು. ನೀರಿನ ಬಾಟಲಿ ಎಲ್ಲಿದೆ? ಎಲ್ಲೂ ಇಲ್ಲ. ಬಾಟಲಿ ಬಿಡಬೇಡಿ ಅಂತಲ್ಲ, ಕಸ ಬೇರೆ ಲೆಕ್ಕ, ಇಂಗಾಲ ಬೇರೆ ಲೆಕ್ಕ. ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಕಲಸಬೇಡಿ. ಕಳೆದ ಟೆಸ್ಟ್‌ನಲ್ಲಿ ನಾನು ಕಲಸಿ ಮೂರು ಮಾರ್ಕ್ಸ್ ಕಳೆದುಕೊಂಡೆ.

ನಾನು ಸಿಕ್ಕಿಬಿದ್ದ ಜಾಗ

ಲೆಕ್ಕದ ಹಾಳೆಯಲ್ಲಿ ಹೀಗಿತ್ತು: ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್ ತೂಕವೇ ಒಂದು ಕೆಜಿ ಇಲ್ಲ, 0.84 ಕೆಜಿ ಆಸುಪಾಸು. ಒಂದು ಕೆಜಿಯೂ ಇಲ್ಲದ್ದು ಉರಿದು ಎರಡೂವರೆ ಕೆಜಿಗಿಂತ ಜಾಸ್ತಿ ಆಗೋದು ಹೇಗೆ? ಅಚ್ಚಿನ ತಪ್ಪು ಅಂದುಕೊಂಡು 0.68 ಅಂತ ತಿದ್ದಿಯೂ ಬಿಟ್ಟಿದ್ದೆ, ನಗಬೇಡಿ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅವ್ವ ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದಳು. ಒಂದು ಕೆಜಿ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದರೆ ಮುದ್ದೆ ಒಂದು ಕೆಜಿಗಿಂತ ಜಾಸ್ತಿ ತೂಗುತ್ತದೆ. ಹೆಚ್ಚಿನ ತೂಕ ನೀರಿನದ್ದು. ಡೀಸೆಲ್ ಕಥೆಯೂ ಇದೇ. ಉರಿಯುವಾಗ ಅದು ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಆ ತೂಕ ಡಬ್ಬಿಯಲ್ಲಿ ಇರಲಿಲ್ಲ, ಗಾಳಿಯಲ್ಲಿತ್ತು.

ಈಗ ಲೆಕ್ಕ, ನಿಧಾನಕ್ಕೆ ಬನ್ನಿ. 0.84 ಕೆಜಿ ಡೀಸೆಲ್‌ನಲ್ಲಿ ನೂರಕ್ಕೆ ಸುಮಾರು 86 ಭಾಗ ಇಂಗಾಲ, ಅಂದರೆ 0.72 ಕೆಜಿ. ಇಂಗಾಲದ ಒಂದು ಪರಮಾಣುವಿನ ತೂಕ 12, ಆಮ್ಲಜನಕದ್ದು 16. ಡೈಆಕ್ಸೈಡ್ ಅಂದರೆ ಒಂದು ಇಂಗಾಲ, ಎರಡು ಆಮ್ಲಜನಕ: 12 ಕೂಡಿಸು 32, ಒಟ್ಟು 44. ಹಾಗಾದರೆ 12 ಕೆಜಿ ಇಂಗಾಲ ಉರಿದರೆ 44 ಕೆಜಿ ಡೈಆಕ್ಸೈಡ್. 44 ಭಾಗಿಸು 12 ಅಂದರೆ 3.67. ಇನ್ನು 0.72 ಅನ್ನು 3.67ರಿಂದ ಗುಣಿಸಿ, 2.64 ಬರುತ್ತದೆ. ಹಾಳೆಯಲ್ಲಿ 2.68 ಇದ್ದದ್ದು ಡೀಸೆಲ್‌ನ ಸಾಂದ್ರತೆ ಮತ್ತು ಇಂಗಾಲದ ಪ್ರಮಾಣ ಚೂರು ಹೆಚ್ಚು ಹಿಡಿದಿದ್ದಕ್ಕೆ. ಪರೀಕ್ಷೆಯಲ್ಲಿ 2.68 ಬರೆಯಿರಿ, ಆದರೆ 3.67 ಎಲ್ಲಿಂದ ಬಂತು ಅಂತ ಗೊತ್ತಿರಲಿ. ಮುಂದಿನ ಎಲ್ಲ ಲೆಕ್ಕ ಇದರ ಮೇಲೇ ನಿಂತಿದೆ.

ಜನರೇಟರ್ ಬಿಟ್ಟು ಲೈನ್ ಕರೆಂಟು ತಗೊಂಡರೆ ಲಾಭ ಎಷ್ಟು?

ಬ್ರಿಟನ್ನಿನ ಮಾರ್ಗಸೂಚಿಗಳಲ್ಲಿ ಮತ್ತೆ ಮತ್ತೆ ಬರುವ ಮಾತು: ಜನರೇಟರ್ ಬೇಡ, ಲೈನಿಗೆ ಪ್ಲಗ್ ಹಾಕಿ. ಅಲ್ಲಿ ಒಂದು ಯೂನಿಟ್ ಕರೆಂಟಿಗೆ (ಒಂದು ಕಿಲೋವ್ಯಾಟ್ ಒಂದು ಗಂಟೆ ಉರಿದಷ್ಟು) ಸುಮಾರು 0.2 ಕೆಜಿ ಇಂಗಾಲದ ಡೈಆಕ್ಸೈಡ್. ಗಾಳಿ ವಿದ್ಯುತ್ ಜಾಸ್ತಿ, ಕಲ್ಲಿದ್ದಲಿನ ಕೊನೆಯ ಸ್ಥಾವರವನ್ನೂ 2024ರಲ್ಲಿ ಮುಚ್ಚಿದ್ದಾರೆ. ನಮ್ಮ ದೇಶದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಈ ಸಂಖ್ಯೆ ಕೊಡುತ್ತದೆ. ಕಾರಣ ಕಲ್ಲಿದ್ದಲು. ದೂರ ಹೋಗಬೇಕಿಲ್ಲ, ಪಕ್ಕದ ರಾಯಚೂರಿನ ಶಕ್ತಿನಗರದಲ್ಲೇ 1,720 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇದೆ.

ಚೆನ್ನಾಗಿ ಲೋಡ್ ಇರುವ ಜನರೇಟರ್ ಒಂದು ಲೀಟರ್‌ಗೆ 3ರಿಂದ 3.5 ಯೂನಿಟ್ ಕೊಡುತ್ತದೆ. 2.68 ಅನ್ನು 3.3ರಿಂದ ಭಾಗಿಸಿದರೆ ಯೂನಿಟ್‌ಗೆ 0.81 ಕೆಜಿ. ಬ್ರಿಟನ್‌ನಲ್ಲಿ 0.81ರಿಂದ 0.2ಕ್ಕೆ ಇಳಿದರೆ ನಾಲ್ಕನೇ ಒಂದು ಭಾಗ ಆಯಿತು. ನಮ್ಮಲ್ಲಿ 0.81ರಿಂದ 0.7. ಅಯ್ಯೋ, ಇಷ್ಟೇನಾ! ಅವರ ಸಲಹೆ ನಮಗೆ ಹೊಂದಲ್ಲ ಅಂತ ದೊಡ್ಡದಾಗಿ ಬರೆದು, ಅಡಿಗೆರೆ ಎಳೆದು, ಗೆಳೆಯರ ಗ್ರೂಪಿಗೆ ಫೋಟೋನೂ ಹಾಕಿಬಿಟ್ಟೆ.

ಆಮೇಲೆ ನಮ್ಮದೇ ಜನರೇಟರ್ ನೆನಪಾಯಿತು.

ಜನವರಿಯಲ್ಲಿ ಆಳಂದ ರಸ್ತೆಯ ಒಂದು ಹಳ್ಳಿಯಲ್ಲಿ ಕಿರುಚಿತ್ರ ಮಾಡಿದೆವು. ತೊಗರಿ ರಾಶಿ ನಡೆಯುತ್ತಿದ್ದ ಹೊಲ. ಬಾಡಿಗೆಗೆ ಸಿಕ್ಕಿದ್ದು 25 ಕೆವಿಎ ಜನರೇಟರ್, ಅಂದರೆ ಸುಮಾರು 20 ಕಿಲೋವ್ಯಾಟ್ ಕೊಡುವಂಥದ್ದು, ಟಾಟಾ ಗಾಡಿಯ ಮೇಲೆ ಕೂತು ಬಂತು. ನಮ್ಮ ಹತ್ತಿರ ಇದ್ದದ್ದು ತಲಾ 300 ವ್ಯಾಟ್‌ನ ನಾಲ್ಕು ಎಲ್‌ಇಡಿ, ಒಂದೊಂದು ಕಿಲೋವ್ಯಾಟ್‌ನ ಎರಡು ಹಳೇ ಟಂಗ್‌ಸ್ಟನ್ ಲೈಟು, ಮಾನಿಟರ್ ಮತ್ತು ಬ್ಯಾಟರಿ ಚಾರ್ಜಿಂಗಿಗೆ 300, ಚಹಾ ಕೆಟಲ್ಲು ಅದು ಇದು ಅಂತ 500 ವ್ಯಾಟ್. ಒಟ್ಟು 4 ಕಿಲೋವ್ಯಾಟ್. 20 ಕಿಲೋವ್ಯಾಟ್ ಕೊಡುವ ಮಷಿನ್‌ಗೆ 4! ಅದನ್ನು ನಡೆಸುತ್ತಿದ್ದ ಅಣ್ಣ ಬೀಡಿ ಹಚ್ಚಿಕೊಂಡು ಹೇಳಿದ್ದ: 'ಲೋಡ್ ಇಲ್ಲಾಂದ್ರ ಮಷಿನ್ ಕೆಮ್ಮತದ್ರಿ.' ಹೊಗೆ ಕೊಳವೆಯ ತುದಿಗೆ ಕಪ್ಪನೆಯ ಎಣ್ಣೆಯಂಥ ಮಸಿ ಅಂಟಿತ್ತು, ಬೆರಳಿಟ್ಟು ತೋರಿಸಿದ. ಸರಿಯಾಗಿ ಬಿಸಿಯಾಗದ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಡೀಸೆಲ್ ಅದು.

ಅವನ ಲಾಗ್ ಬುಕ್ಕಿನಲ್ಲಿ 10 ಗಂಟೆಗೆ 24 ಲೀಟರ್ ಅಂತಿತ್ತು. ಎಲ್ಲ ಲೈಟೂ ಪೂರ್ತಿ ಹೊತ್ತು ಉರಿದವು ಅಂತಲೇ ಇಟ್ಟುಕೊಳ್ಳಿ, 40 ಯೂನಿಟ್. ಅಂದರೆ ಲೀಟರ್‌ಗೆ ಎರಡು ಯೂನಿಟ್ಟೂ ಬಂದಿಲ್ಲ. 24 ಲೀಟರ್‌ಗೆ 64 ಕೆಜಿ ಇಂಗಾಲದ ಡೈಆಕ್ಸೈಡ್. ಅದೇ 40 ಯೂನಿಟ್ ಲೈನಿನಿಂದ ತಗೊಂಡಿದ್ದರೆ 28 ಕೆಜಿ, ಬ್ರಿಟನ್‌ನಲ್ಲಾದರೆ 8. ಅವರ ಲಾಭ ನಮ್ಮದಕ್ಕಿಂತ ಜಾಸ್ತಿ, ನಿಜ. ಆದರೆ ನಮ್ಮದೂ ಅರ್ಧಕ್ಕಿಂತ ಕೆಳಗೆ ಇಳಿಯಿತಲ್ಲ. ಅಡಿಗೆರೆ ಎಳೆದಿದ್ದ ಸಾಲನ್ನು ಹೊಡೆದು ಹಾಕಿದೆ, ಗ್ರೂಪಿನಲ್ಲಿ ತಿದ್ದುಪಡಿಯನ್ನೂ ಹಾಕಿದೆ. ಪುಸ್ತಕದ 3.3 ಯೂನಿಟ್ ಅನ್ನೋದು ಮಷಿನ್ ಮೈತುಂಬ ದುಡಿಯುವಾಗಿನ ಮಾತು. ಸೆಟ್‌ನಲ್ಲಿ ಅದು ಹಾಗೆ ದುಡಿಯೋದೇ ಅಪರೂಪ, ಯಾಕೆಂದರೆ ಎಲ್ಲರೂ ಹೆದರಿ ದೊಡ್ಡದನ್ನೇ ತರಿಸುತ್ತಾರೆ, ಬಾಡಿಗೆಯವರೂ ಇದ್ದದ್ದನ್ನು ಕಳಿಸುತ್ತಾರೆ.

ಎಲ್‌ಇಡಿ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಎರಡು ಟಂಗ್‌ಸ್ಟನ್ ತೆಗೆದು 200 ವ್ಯಾಟ್‌ನ ಎರಡು ಎಲ್‌ಇಡಿ ಹಾಕಿದ್ದರೆ ಲೋಡ್ 2.4 ಕಿಲೋವ್ಯಾಟ್‌ಗೆ ಇಳಿಯುತ್ತಿತ್ತು. ಡೀಸೆಲ್ ಆ ಪ್ರಮಾಣದಲ್ಲಿ ಇಳಿಯುತ್ತಿತ್ತಾ? ಇಲ್ಲ. ಸಿಗ್ನಲ್‌ನಲ್ಲಿ ನಿಂತ ಆಟೋ ಸುಮ್ನೆ ಗುರುಗುಟ್ಟುವಾಗಲೂ ಎಣ್ಣೆ ಕುಡಿಯುತ್ತದೆ, ಹಾಗೇ ಇದೂ. ಲೈಟ್ ಬದಲಿಸಿದ ಮೇಲೆ ಜನರೇಟರ್ ಕೂಡ ಚಿಕ್ಕದು ಮಾಡಬೇಕು, ಇಲ್ಲವಾದರೆ ಎಲ್‌ಇಡಿಯ ಉಳಿತಾಯ ಬಹುಪಾಲು ಕಾಗದದ ಮೇಲೇ. 'ಎಲ್‌ಇಡಿ ಬಳಸಿದರೆ ಇಂಗಾಲ ಕಡಿಮೆ, ಚರ್ಚಿಸಿ' ಅಂತ ಐದು ಮಾರ್ಕ್ಸಿಗೆ ಕೇಳಿದರೆ ಇದನ್ನೇ ಬರೆಯಿರಿ.

ಹೊಗೆ ಬೇರೆ, ಇಂಗಾಲ ಬೇರೆ

ಹೊಸ ಜನರೇಟರ್‌ಗಳ ಮೇಲೆ ಸಿಪಿಸಿಬಿ ನಾಲ್ಕು ಪ್ಲಸ್ ಅಂತ ಬರೆದಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಈ ಮಾನದಂಡ 2023ರ ಜುಲೈನಿಂದ ಜಾರಿಗೆ ಬಂತು. ಇದು ಮಸಿ, ನೈಟ್ರೋಜನ್ ಆಕ್ಸೈಡ್ ಥರದ ವಿಷ ಕಡಿಮೆ ಮಾಡುತ್ತದೆ. ಉಸಿರಾಟಕ್ಕೆ ಭಾಳ ಒಳ್ಳೆಯದು. ಆದರೆ ಲೀಟರ್‌ಗೆ 2.68 ಹಾಗೇ ಇರುತ್ತದೆ, ಕೊಳವೆಯಿಂದ ಏನೂ ಕಾಣಿಸದಿದ್ದರೂ ಸಹ, ಯಾಕೆಂದರೆ ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವಿಲ್ಲ. ಬ್ರಿಟನ್‌ನಲ್ಲಿ ಡೀಸೆಲ್ ಬದಲು ಎಚ್‌ವಿಒ ಅನ್ನುವ ಇಂಧನ ಹಾಕುವುದೂ ಇದೆ, ಕರಿದು ಉಳಿದ ಅಡುಗೆ ಎಣ್ಣೆ ಥರದ್ದರಿಂದ ತಯಾರಾದದ್ದು. ಉರಿದಾಗ ಅದೂ ಡೈಆಕ್ಸೈಡ್ ಬಿಡುತ್ತದೆ, ಆದರೆ ಆ ಇಂಗಾಲ ಗಿಡ ಗಾಳಿಯಿಂದಲೇ ತಗೊಂಡಿದ್ದು, ಹಾಗಾಗಿ ಬೇರೆ ಖಾತೆಯಲ್ಲಿ ಬರೆಯುತ್ತಾರೆ. ಕಾಡು ಕಡಿದು ಬೆಳೆದ ತಾಳೆ ಎಣ್ಣೆಯಿಂದ ಮಾಡಿದರೆ ಈ ವಾದ ಬಿದ್ದುಹೋಗುತ್ತದೆ.

ಓಡಾಟ, ಚಿಕ್ಕದಾಗಿ

ಚಿಕ್ಕದಾಗಿ ಯಾಕೆ ಅಂದರೆ ಸೂತ್ರ ಅದೇ. ಬೆಂಗಳೂರಿನಿಂದ ಕಲಬುರಗಿಗೆ ಸುಮಾರು 600 ಕಿಲೋಮೀಟರ್, ಹೋಗಿ ಬರಲು 1,200. ಒಂದು ತಂಡ 10 ಡೀಸೆಲ್ ಕಾರುಗಳಲ್ಲಿ ಬಂತು ಅಂದುಕೊಳ್ಳಿ. ಲೀಟರ್‌ಗೆ 12 ಕಿಲೋಮೀಟರ್ ಹಿಡಿದರೆ ಒಂದಕ್ಕೆ 100 ಲೀಟರ್, ಒಟ್ಟು 1,000 ಲೀಟರ್, 2,680 ಕೆಜಿ. ಅದೇ ಜನ ಲೀಟರ್‌ಗೆ 4 ಕಿಲೋಮೀಟರ್ ಓಡುವ ಒಂದು ಬಸ್ಸಿನಲ್ಲಿ ಬಂದರೆ 300 ಲೀಟರ್, 804 ಕೆಜಿ. ರೈಲು ಇದಕ್ಕಿಂತಲೂ ಕಡಿಮೆ. ನಾನು ಬೆನ್ನುಹತ್ತಿದ್ದ ಆ ಜನರೇಟರ್ ದಿನಕ್ಕೆ 64 ಕೆಜಿ, ನೆನಪಿದೆಯಲ್ಲ? ಆ 10 ಕಾರುಗಳ ಒಂದು ಸುತ್ತಿಗೆ ನಮ್ಮ ಜನರೇಟರ್ 40 ದಿನಕ್ಕೂ ಜಾಸ್ತಿ ಓಡುತ್ತದೆ. 51 ಮೊದಲು, 15 ಕೊನೆಗೆ ಯಾಕೆ ಅಂತ ನನಗೆ ಆಗ ಹೊಳೆಯಿತು.

ನಮ್ಮ ಕಡೆ ಏನಿದೆ

ಸಿನಿಮಾಕ್ಕೆ ಅಂತಲೇ ಇಂಗಾಲದ ಲೆಕ್ಕ ಕೇಳುವ ರಾಷ್ಟ್ರೀಯ ನಿಯಮ ನಮ್ಮಲ್ಲಿಲ್ಲ. ಇರುವವು ಬಿಡಿ ಬಿಡಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷೇಧ, ಅದು ಸೆಟ್ಟಿಗೂ ಅನ್ವಯ. ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಬೀದರ್ ಕೋಟೆಯಂಥ ಸಂರಕ್ಷಿತ ಜಾಗದಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಇವು ಯಾವುವೂ ಆ 51, 34, 15ರ ಹತ್ತಿರ ಹೋಗುವುದಿಲ್ಲ. ಇಂಗಾಲದ ಪ್ರಶ್ನೆಗೆ ಇವನ್ನೇ ಉತ್ತರ ಅಂತ ಬರೆದು ಕೂರಬೇಡಿ.

ಉಳಿದ ಇಂಗಾಲಕ್ಕೆ ದುಡ್ಡು ಕೊಟ್ಟು ಬೇರೆಲ್ಲೋ ಗಿಡ ನೆಡಿಸುವುದು, ಅದೇ ಆಫ್‌ಸೆಟ್, ಎರಡು ಸಾಲು ಸಾಕು: ಮೊದಲು ಇಳಿಸಬೇಕು, ಆಗದೇ ಉಳಿದದ್ದಕ್ಕೆ ಮಾತ್ರ ಇದು. ಆಲ್ಬರ್ಟ್ ಕೂಡ ಯೋಜನೆಯನ್ನೇ ಮೊದಲು ಕೇಳುತ್ತದೆ.

ಮುಂದಿನ ತಿಂಗಳು ನಮ್ಮ ಎರಡನೇ ಕಿರುಚಿತ್ರ ಇದೆ. ಜಾತ್ರೆಗೆ, ಮದುವೆ ಪೆಂಡಾಲಿಗೆ ತಗೊಳ್ಳುವಂಥ ತಾತ್ಕಾಲಿಕ ಕರೆಂಟು ಸಂಪರ್ಕ ಕೇಳೋಣ ಅಂತ ಕ್ಯಾಮೆರಾದವನಿಗೆ ಹೇಳಿದ್ದೇನೆ. ಅದು ಆಗದಿದ್ದರೆ 7.5 ಕೆವಿಎ ಚಿಕ್ಕ ಜನರೇಟರ್. ಲಾಗ್ ಬುಕ್ಕಿನ ಫೋಟೋ ಗ್ರೂಪಿಗೆ ಹಾಕಿದ್ದೇನೆ ನೋಡಿ. ಗಂಟೆ ಬರೆದಿದ್ದಾನೆ, ಲೀಟರ್ ಬರೆದಿದ್ದಾನೆ, ಯೂನಿಟ್‌ನ ಕಾಲಂ ಖಾಲಿ ಬಿಟ್ಟಿದ್ದಾನೆ. ಈ ಸಲ ಅದನ್ನು ನಾವೇ ತುಂಬೋಣ, ಮೀಟರ್ ನಾನು ತರುತ್ತೇನೆ.